ಘಾಟಿಯ ಏರಿನಲ್ಲಿ ಕಚ್ಚಿಕೊಂಡ ಪುಲ್ಲಿ

ಬುರುಲ್ ಹದಿನೆಂಟು ವರ್ಷ ನಾರಿನ್ ಊರಿನ ಹಿಟ್ಟಿನ ಗಿರಣಿಯಲ್ಲಿ ಎಣ್ಣೆ ಹಾಕುವ ಕೆಲಸ ಮಾಡಿದವಳು. ಅಲ್ಲಿ ನಲವತ್ತಕ್ಕೂ ಹೆಚ್ಚು ಪುಲ್ಲಿಗಳಿದ್ದವು. ಯಾವುದರ ಬೇರಿಂಗು ಒಣಗಿದೆ, ಯಾವುದಕ್ಕೆ ಇನ್ನೊಂದು ವಾರದ ಆಯಸ್ಸು ಎಂಬುದನ್ನು ಅವಳು ಬಾಗಿಲಲ್ಲಿ ನಿಂತು ಸದ್ದು ಕೇಳಿಯೇ ಹೇಳುತ್ತಿದ್ದಳು. ಗಿರಣಿ ಮುಚ್ಚಿದ ಮೇಲೆ ಆ ಕಿವಿಗೆ ಕೆಲಸ ತಪ್ಪಿತು, ಅಷ್ಟೇ, ಚುರುಕು ತಪ್ಪಲಿಲ್ಲ.

ಹಾಗಾಗಿ ಜೂನ್ ಮೊದಲ ವಾರ, ಮನೆಯ ಮೂವತ್ತು ವರ್ಷದ ಡೀಸೆಲ್ ವ್ಯಾನು ಅಂಗಳದಲ್ಲಿ ಕೀಚೆಂದು ಕೂಗಿದಾಗ ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಮೈದುನ ಶಾಕೆನ್ ಬಾನೆಟ್ ಎತ್ತಿ ಪಾನಾ ಹಿಡಿದು ನಿಂತಿದ್ದ.

"ಬೆಲ್ಟ್ ಸಡ್ಲ ಆಗಿದೆ ಜೆಂಗೆ," ಅಂದ. ಅತ್ತಿಗೆಯನ್ನು ಅವನು ಮೊದಲಿಂದಲೂ ಜೆಂಗೆ ಎಂದೇ ಕರೆಯುವುದು. "ನಾಲ್ಕು ಸುತ್ತು ಬಿಗಿ ಮಾಡಿದೀನಿ. ಇನ್ನೆರಡು ಸುತ್ತು ಕೊಟ್ರೆ ಬಾಯಿ ಮುಚ್ಕೊಂಡು ಓಡುತ್ತೆ."

ಬುರುಲ್ ಒಂದು ಚೊಂಬು ನೀರು ತಂದು ತಿರುಗುತ್ತಿದ್ದ ಬೆಲ್ಟಿಗೆ ಎರಚಿದಳು. ಕೂಗು ಕೊಂಚವೂ ಬದಲಾಗಲಿಲ್ಲ.

"ನೋಡು. ಜಾರ್ತಿದ್ದಿದ್ದು ಬೆಲ್ಟಾದ್ರೆ ನೀರು ಬಿದ್ದ ತಕ್ಷಣ ದನಿ ಬದಲಾಗ್ಬೇಕಿತ್ತು. ಇದು ಬಿಗಿ ಕೊಡೋ ಪುಲ್ಲಿಯ ಬೇರಿಂಗು. ಗ್ರೀಸ್ ಮುಗ್ದಿದೆ. ನೀನು ಬಿಗಿ ಮಾಡ್ದಷ್ಟೂ ಅದರ ಜೀವ ಹೋಗುತ್ತೆ."

"ಗಿರಣಿ ಬೇರೆ, ಗಾಡಿ ಬೇರೆ."

"ಒಳಗಿರೋ ಗುಂಡು ಅದೇ ತಾನೆ? ಎರಡು ಗಂಟೆ ಕೊಡು, ಬಿಚ್ಚಿ ತೋರಿಸ್ತೀನಿ."

ಹೊಸ್ತಿಲ ಮೇಲೆ ಕೂತಿದ್ದ ಅತ್ತೆ ಐಮ್‌ಖಾನ್ ನಡುವೆ ಬಾಯಿ ಹಾಕಿದಳು. "ಊರಿನೋರೆಲ್ಲ ಕುರಿ ಹೊಡ್ಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗಿ ಹತ್ತು ದಿನ ಆಯ್ತು. ನಿನ್ನ ಗಂಡ ಅಲ್ಲಿ ಪ್ಲಾಸ್ಟಿಕ್ ಹೊದ್ಕೊಂಡು ಮಲಗ್ತಿದಾನೆ. ಇವತ್ತು ಬುಧವಾರ, ಒಳ್ಳೇ ದಿನ. ಗಾಡಿ ವಿಷ್ಯ ಗಂಡಸ್ರು ನೋಡ್ಕೊಳ್ಲಿ. ನೀನು ಗುಡಾರದ ಹಗ್ಗ ಎಣಿಸು, ಹೋಗು."

ಬುರುಲ್‌ಗೆ ಮುಖಕ್ಕೆ ಹೊಡೆದಂತಾಯಿತು. ಆದರೆ ಹಟ ಹಿಡಿದು ಕೂರಲಿಲ್ಲ. ಬೇರಿಂಗಿಗೆ ಅತ್ತೆಯ ಮುಲಾಜೂ ಇಲ್ಲ, ಮೈದುನನ ಮುಲಾಜೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಹಗ್ಗ ಎಣಿಸಿದಳು. ಉಣ್ಣೆಯ ಹಾಸುಗಳನ್ನು ವ್ಯಾನಿಗೆ ತುಂಬುವಾಗ ನಡುವೆ ತನ್ನ ಗಿರಣಿ ಕಾಲದ ತಗಡಿನ ಪೆಟ್ಟಿಗೆಯನ್ನೂ ತುರುಕಿದಳು.

ಇನ್ನೆರಡು ಸುತ್ತು ಬಿಗಿ ಮಾಡಿದ್ದರಿಂದ ಸದ್ದು ಅಡಗಿತು. ಅಮ್ಮನನ್ನೂ ಅತ್ತಿಗೆಯನ್ನೂ ಕೂರಿಸಿಕೊಂಡು ಶಾಕೆನ್ ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತ ಓಡಿಸಿದ. ಘಾಟಿಯ ಆರನೇ ತಿರುವಿನಲ್ಲಿ, ಹಿಮ ಇನ್ನೂ ರಸ್ತೆಯಂಚಿಗೇ ಬಿದ್ದಿದ್ದ ಕಡೆ, ಸುಟ್ಟ ರಬ್ಬರಿನ ವಾಸನೆ ಬಂತು.

"ನಿಲ್ಸು! ಇಂಜಿನ್ ಆಫ್ ಮಾಡು, ಈಗ್ಲೇ!" ಎಂದು ಬುರುಲ್ ಕೂಗಿದಳು. ಅವನು ಕೇಳಿದ್ದು ಪುಣ್ಯ. ಬಾನೆಟ್ ಎತ್ತಿದರೆ ಪುಲ್ಲಿ ಕಲ್ಲಿನಂತೆ ಕಚ್ಚಿಕೊಂಡು ನಿಂತಿತ್ತು. ಬೆಲ್ಟು ಅದರ ಮೇಲೆ ಉಜ್ಜಿ ಹೊಗೆಯಾಡುತ್ತಿತ್ತು, ಆದರೆ ಹರಿದಿರಲಿಲ್ಲ.

ಶಾಕೆನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಬೆಲ್ಟ್ ಕಿತ್ತು ಹಾಗೇ ಓಡಿಸಿದ್ರೆ? ಕರೆಂಟ್ ಹುಟ್ಟಲ್ಲ ಅಷ್ಟೇ, ಈ ಡೀಸೆಲ್ ಇಂಜಿನ್ನಿಗೆ ಅದೇನೂ ಬೇಡ."

"ಕರೆಂಟ್ ಬೇಡ ಸರಿ. ನೀರಿನ ಪಂಪು ತಿರುಗೋದೂ ಇದೇ ಬೆಲ್ಟಿಂದ. ಈ ಏರಲ್ಲಿ ಸ್ವಲ್ಪ ಹೊತ್ತಿಗೇ ಕುದ್ದು ಇಂಜಿನ್ ಸೀಳುತ್ತೆ. ಪೆಟ್ಟಿಗೆ ಕೊಡು."

ಅವಳು ಪುಲ್ಲಿ ಬಿಚ್ಚಿ, ಲಾಕ್ ರಿಂಗ್ ತೆಗೆದು, ಸತ್ತ ಬೇರಿಂಗನ್ನು ಬಡಿದು ಹೊರಗೆ ಹಾಕಿದಳು. ಡೀಸೆಲ್‌ನಲ್ಲಿ ಒರೆಸಿದಾಗ ಅಂಚಿನಲ್ಲಿ 6203 ಎಂಬ ಅಂಕಿ ಕಂಡಿತು. ಬುರುಲ್ ಸಮಾಧಾನದ ಉಸಿರು ಬಿಟ್ಟಳು. ಗಿರಣಿಯ ಮೋಟರುಗಳಲ್ಲಿ ಅವಳು ಅತಿ ಹೆಚ್ಚು ಬದಲಿಸಿದ್ದು ಇದೇ ಅಳತೆಯದು. ತಿರುವಿನ ಕೆಳಗೆ ಉಣ್ಣೆ ಕತ್ತರಿಸುವವರ ಬಿಡಾರ ಕಾಣುತ್ತಿತ್ತು. ಕತ್ತರಿ ಇದ್ದಲ್ಲಿ ಸಾಣೆ ಯಂತ್ರ, ಸಾಣೆ ಯಂತ್ರ ಇದ್ದಲ್ಲಿ ಮೋಟರು. ಇಬ್ಬರೂ ಇಳಿದು ಹೋಗಿ, ಗಾಡಿ ಕೆಟ್ಟಿದೆ, ಹಳೇ ಮೋಟರಿದ್ದರೆ ಕೊಡಿ ಎಂದು ಕೇಳಿದರು.

ಬಿಡಾರದ ಮುಖಂಡ ತುರ್ದುಬೆಕ್ ಕುರಿಯೊಂದನ್ನು ತೊಡೆಗಳ ನಡುವೆ ಹಿಡಿದುಕೊಂಡೇ ಮಾತಾಡಿಸಿದ. "ನಿಮ್ಮಿಬ್ರಲ್ಲಿ ಮೆಕ್ಯಾನಿಕ್ ಯಾರು?"

ಶಾಕೆನ್ ಒಂದು ಗಳಿಗೆ ಕುರಿಯನ್ನು ನೋಡಿದ, ಆಮೇಲೆ ಬೆಟ್ಟ ನೋಡಿದ. "ನಮ್ಮ ಜೆಂಗೆ," ಅಂದ. "ಬೆಳಿಗ್ಗೆನೇ ಹೇಳಿದ್ರು. ನಾನೇ ಕಿವಿಗೆ ಹಾಕ್ಕೊಳ್ಲಿಲ್ಲ."

ತುರ್ದುಬೆಕ್ ನಕ್ಕು, ಮೂಲೆಯಲ್ಲಿ ಬಿದ್ದಿದ್ದ ಮೋಟರು ತೋರಿಸಿದ. "ಹೋದ ವರ್ಷವೇ ಸುಟ್ಟು ಹೋಯ್ತು. ಅದರಿಂದ ಏನ್ ತಗೊಂಡ್ ಹೋಗ್ತೀಯಮ್ಮಾ, ಹೊಗೆನಾ?"

"ಸುಟ್ಟಿರೋದು ತಂತಿ. ಬೇರಿಂಗ್ ಯಾಕೆ ಸುಡುತ್ತೆ?"

ಬಿಚ್ಚಿದರೆ ಎರಡು ಬೇರಿಂಗು ಸಿಕ್ಕವು, ಎರಡೂ ಅದೇ ಅಳತೆಯವು. ಒಂದನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸಿದಳು. ಮರಳು ಅಗಿದಂತೆ ಕರಕರ ಎಂದಿತು. ಇನ್ನೊಂದು ಸದ್ದಿಲ್ಲದೆ, ನುಣ್ಣಗೆ ತಿರುಗಿತು. ಅದನ್ನು ಜೇಬಿಗೆ ಹಾಕಿಕೊಂಡಳು.

ಮೇಲೆ ಬಂದಾಗ ಐಮ್‌ಖಾನ್ ಬೆರಣಿ ಒಟ್ಟಿ ಚಹಾಕ್ಕೆ ನೀರು ಕಾಯಿಸಿದ್ದಳು. ಬುರುಲ್ ಬೇರಿಂಗನ್ನು ಚೀಲದಲ್ಲಿ ಸುತ್ತಿ ಹಿಮದಲ್ಲಿ ಹೂತಳು. ಪುಲ್ಲಿಯನ್ನು ಆ ಕುದಿನೀರಿಗೆ ಬಿಟ್ಟಳು.

"ಅಯ್ಯೋ! ಚಹಾದ ನೀರಲ್ಲಿ ಕಬ್ಬಿಣ ಬೇಯಿಸ್ತಾಳಲ್ಲಪ್ಪಾ!"

"ಬಿಸಿಗೆ ಪುಲ್ಲಿ ಹಿಗ್ಗುತ್ತೆ, ಚಳಿಗೆ ಬೇರಿಂಗ್ ಕುಗ್ಗುತ್ತೆ ಅಪಾ. ಆಗ ಹೊಡ್ದಾಟ ಇಲ್ದೆ ಒಳಗೆ ಕೂರುತ್ತೆ." ಅತ್ತೆಯನ್ನು ಬುರುಲ್ ಅಪಾ, ಅಂದರೆ ಅಮ್ಮ, ಎಂದೇ ಕರೆಯುವುದು.

ಹಾಗೇ ಆಯಿತು. ಬೇರಿಂಗಿನ ಹೊರಬಳೆಗೆ ಮಾತ್ರ ತಾಗುವಂಥ ಕೊಳವೆ ಇಟ್ಟು ಮೂರು ಸಣ್ಣ ಪೆಟ್ಟು ಕೊಟ್ಟಳು. "ಒಳಬಳೆಗೆ ಹೊಡೆದ್ರೆ ಗುಂಡಿಗೆ ಗಾಯ ಆಗುತ್ತೆ," ಎಂದಳು ಶಾಕೆನ್‌ಗೆ. ಬೆಲ್ಟಿನ ಸುಟ್ಟ ಮುಖ ಒರೆಸಿ ಏರಿಸಿದ ಮೇಲೆ ಪಾನಾವನ್ನು ಅವನ ಕೈಗೇ ಕೊಟ್ಟಳು. ಅವನು ಅರ್ಧ ಸುತ್ತು ಹೆಚ್ಚು ತಿರುಗಿಸಿದ. ಅವಳು ಬೆಲ್ಟಿನ ನಡುವೆ ಹೆಬ್ಬೆರಳು ಒತ್ತಿ, "ಸಡ್ಲಿಸು," ಅಂದಳು. "ಒಂದು ಬೆರಳಿನಷ್ಟು ಬಾಗ್ಬೇಕು. ಇಲ್ದಿದ್ರೆ ಮುಂದೆ ಪಂಪಿನ ಬೇರಿಂಗೂ ಹೋಗುತ್ತೆ." ಅವನು ಸಡಿಲಿಸಿದ.

ಇಂಜಿನ್ ಎದ್ದಿತು. ಮೂವರೂ ಬಗ್ಗಿ ಆಲಿಸಿದರು. ಡೀಸೆಲಿನ ಗಡಗಡ ಬಿಟ್ಟು ಬೇರೇನೂ ಇರಲಿಲ್ಲ.

"ಬಾಲಾಮ್," ಎಂದಳು ಐಮ್‌ಖಾನ್. ಮಗುವೇ ಎಂಬ ಆ ಮಾತನ್ನು ಅವಳು ಗಂಡುಮಕ್ಕಳಿಗಲ್ಲದೆ ಬೇರೆ ಯಾರಿಗೂ ಆಡಿದವಳಲ್ಲ. "ಬೇರೆ ನೀರು ಕಾಯಿಸ್ತೀನಿ, ಕೂತ್ಕೋ. ಕೈ ನೋಡು ಹೇಗಾಗಿದೆ."

ಹೊತ್ತು ಇಳಿಯುವ ಮೊದಲೇ ಅವರು ಹುಲ್ಲುಗಾವಲು ಸೇರಿದರು. ಗುಡಾರ ಎತ್ತುವ ಗಡಿಬಿಡಿಯಲ್ಲೇ ಐಮ್‌ಖಾನ್ ಮಗನಿಗೆ ಇಡೀ ಕಥೆ ಹೇಳಿದಳು. ಅವಳ ಕಥೆಯಲ್ಲಿ ಬೇರಿಂಗಿನ ಅನುಮಾನ ಮೊದಲು ಬಂದದ್ದು ಐಮ್‌ಖಾನ್‌ಗೇ. ಬುರುಲ್ ಶಾಕೆನ್ ಕಡೆ ನೋಡಿ ನಕ್ಕಳು, ತಿದ್ದಲು ಹೋಗಲಿಲ್ಲ.

ಎಂಟು ದಿನ ಕಳೆದಿತ್ತು. ತುರ್ದುಬೆಕ್ ಕುದುರೆ ಏರಿ ಬಂದ. ಇಳಿಯುವ ಮೊದಲೇ, "ಆ ಹೆಣ್ಣುಮಗಳು ಎಲ್ಲಿ? ನಮ್ಮ ಲಾರಿ ಕಿರುಚ್ತಿದೆ," ಎಂದ.

ಬುರುಲ್ ಹಾಲಿನ ಬಕೆಟ್ ಕೆಳಗಿಟ್ಟು ಬಟ್ಟೆಗೆ ಕೈ ಒರೆಸಿಕೊಂಡಳು. "ತಣ್ಣಗಿರೋವಾಗ ಕಿರುಚುತ್ತೋ, ಬಿಸಿ ಆದ್ಮೇಲೋ?"