ನೂರಾ ನಲವತ್ನಾಲ್ಕು ಹರ್ಟ್ಸ್

ನಮ್ಮ ರಾವಸಾಹೇಬ ಕಾಕಾ ಯಾವ ಸಾಮಾನನ್ನೂ ಎತ್ತಿ ನೋಡದೆ ಕೊಳ್ಳುವುದಿಲ್ಲ. ಬಾವಿಯ ಮೋಟಾರಿರಲಿ, ಅಡುಗೆಮನೆಯ ಮಿಕ್ಸರಿರಲಿ, ಎರಡೂ ಕೈಯಿಂದ ಎತ್ತಿ ಎದೆಗೆ ಆನಿಸಿಕೊಂಡು ತೂಕ ನೋಡುತ್ತಾರೆ. ಭಾರ ಇದ್ದರೆ ಒಳಗೆ ತಾಮ್ರ, ಹಗುರ ಇದ್ದರೆ ಅಲ್ಯುಮಿನಿಯಂ. ಮೋಟಾರಿನ ಮಟ್ಟಿಗೆ ಮಾತು ಖರೆ. ಆದರೆ ಅಥಣಿಯ ಕಂಪ್ಯೂಟರ್ ಅಂಗಡಿಯಲ್ಲಿ ಸಾಲಾಗಿ ಇಟ್ಟಿದ್ದ ಮಾನಿಟರುಗಳನ್ನೂ ಅವರು ಒಂದೊಂದಾಗಿ ಎತ್ತಿ ಇಳಿಸತೊಡಗಿದಾಗ ನನಗೆ ಅಲ್ಲೇ ನೆಲಕ್ಕೆ ಇಳಿದುಹೋಗಬೇಕು ಅನ್ನಿಸಿತು.

"ಇದರಾಗ ಏನೂ ಇಲ್ಲಲೇ ಈಶ್ಯಾ," ಅಂದರು, ನಾನು ಆರಿಸಿದ್ದನ್ನು ಎತ್ತಿ. "ಖಾಲಿ ಡಬ್ಬಿ ಹಿಡದಂಗ ಆಗಾಕತ್ತೈತಿ."

"ಕಾಕಾ, ಇದು ಮಾನಿಟರ್ ಐತ್ರಿ. ತೂಕ ನೋಡಾಂಗಿಲ್ಲ."

"ಎಲ್ಲಾದ್ರಾಗೂ ತೂಕ ನೋಡತಾರ."

ಅಂಗಡಿಯ ಗಂಗಾರಾಮ ಶೇಟ ನಕ್ಕ. ನಾನು ನಗಲಿಲ್ಲ. ರವಿವಾರ ಕೊಲ್ಲಾಪುರದ ಹುಡುಗರ ತಂಡ ಐದನೆಯ ಆಟಗಾರನನ್ನು ಆರಿಸುವುದಿತ್ತು. ನಾಲ್ಕು ಜನ ಇದ್ದಾರೆ, ಒಂದು ಜಾಗ ಖಾಲಿ. ಎರಡು ತಿಂಗಳಿಂದ ಅವರ ಜೊತೆ ಆನ್‌ಲೈನಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತಿದ್ದೇನೆ. ಮನೆಯಲ್ಲಿದ್ದದ್ದು ಝೆರಾಕ್ಸ್ ಅಂಗಡಿಯವರು ಬೇಡವೆಂದು ಮಾರಿದ ಹಳೆಯ ಮಾನಿಟರು. ಗೋಡೆಯ ಮರೆಯಿಂದ ಎದುರಾಳಿ ಹೊರಗೆ ಬಂದದ್ದು ಅದರಲ್ಲಿ ನನಗೆ ಕಾಣುವಷ್ಟರಲ್ಲಿ ನಾನು ಸತ್ತಿರುತ್ತೇನೆ. ತಿರುಗಿದರೆ ಇಡೀ ಚಿತ್ರ ಬಾಲ ಎಳೆದುಕೊಂಡು ಬರುತ್ತದೆ. ತಂಡದ ಹುಡುಗ ಕಡ್ಡಿ ಮುರಿದ ಹಾಗೆ ಹೇಳಿದ್ದ: ಕೈ ಚಲೋ ಐತಿ, ಆದ್ರ ಆ ಸ್ಕ್ರೀನ್ ಇಟ್ಕೊಂಡು ಬರಬ್ಯಾಡ.

ಹಾಗಾಗಿ ನಮ್ಮ ತೋಟದ ದ್ರಾಕ್ಷಿ ಕಟಾವು ಮುಗಿದ ಮೇಲೆ ಕಾಕಾಗೆ ಕೇಳಿದೆ. ಕೊಡಿಸ್ತೀನಿ ಅಂದರು. ಆದರೆ ಆರಿಸುವವರೂ ತಾವೇ ಅನ್ನುವುದನ್ನು ನಮ್ಮೂರು ಮಂಗಸೂಳಿಯಿಂದ ಬೈಕಿನಲ್ಲಿ ಅರ್ಧ ದಾರಿ ಬಂದ ಮೇಲೆ ಹೇಳಿದರು.

ನನಗೆ ಬೇಕಾದದ್ದು ಒಂದೇ. ಒಂದು ಸೆಕೆಂಡಿಗೆ ನೂರಾ ನಲವತ್ನಾಲ್ಕು ಸಲ ಚಿತ್ರ ಬದಲಿಸುವ ಮಾನಿಟರು. ಅದು ಅಂಗಡಿಯಲ್ಲಿ ಇತ್ತು. ಚಾಲೂ ಆಗಿ ನನ್ನ ಮುಂದೆಯೇ ನಿಂತಿತ್ತು. ಮೌಸ್ ಹಿಡಿದು ಆಚೆ ಈಚೆ ಸರಿಸಿದೆ. ಪರದೆಯ ಮೇಲಿನ ಬಾಣ ಎಣ್ಣೆಯ ಮೇಲೆ ಜಾರಿದ ಹಾಗೆ ಓಡಿತು.

ಕಾಕಾ ಪೆಟ್ಟಿಗೆಯ ಮೇಲಿನ ಅಂಕಿ ಓದಿದರು. ಇಂಗ್ಲಿಷ್ ಬರದಿದ್ದರೂ ಅಂಕಿ ಮತ್ತು ಮೋಟಾರಿನ ತಗಡಿನ ಮೇಲಿರುವ ನಾಲ್ಕಾರು ಅಕ್ಷರ ಅವರಿಗೆ ಚೆನ್ನಾಗಿ ಗೊತ್ತು.

"ಒಂದು ನಾಕು ನಾಕು, ಹರ್ಟ್ಸ್." ಮುಖ ಎತ್ತಿದರು. "ಇದು ಬ್ಯಾಡ."

"ಯಾಕ್ರಿ?"

"ನಮ್ಮ ಮೋಟಾರಿನ ತಗಡಿನ ಮ್ಯಾಲ ಏನ ಬರದೈತಿ?"

"ಐವತ್ತು ಹರ್ಟ್ಸ್."

"ನಮ್ಮ ಲೈನ್ ಎಷ್ಟು?"

"ಐವತ್ತು. ಆದ್ರ ಕಾಕಾ—"

"ಐವತ್ತರ ಲೈನಿಗೆ ನೂರಾ ನಲವತ್ನಾಲ್ಕರ ಸಾಮಾನ ಹಚ್ಚಿದ್ರ ಏನಾಕ್ಕೈತಿ? ಸುಡತೈತಿ. ಮೂರು ಮೋಟಾರ್ ಸುಟ್ಕೊಂಡವ ಅದೇನಿ, ನನಗ ಹೇಳಬ್ಯಾಡ."

ನಾನು ಹೇಳಿದೆ. ಆ ಹರ್ಟ್ಸ್ ಕರೆಂಟಿನದಲ್ಲ, ಚಿತ್ರದ್ದು ಅಂತ ಹೇಳಿದೆ. ಕರೆಂಟು ಹೊರಗೇ ಬದಲಾಗಿ ಆಮೇಲೆ ಒಳಗೆ ಹೋಗುತ್ತದೆ ಅಂತ ಹೇಳಿದೆ. ಕೈ ಆಡಿಸಿ, ಕೌಂಟರಿನ ಮೇಲೆ ಬೆರಳಿನಿಂದ ಬರೆದು ಹೇಳಿದೆ. ಕಾಕಾ ಅತ್ತ ತಿರುಗಿ ಇನ್ನೊಂದು ಮಾನಿಟರು ಎತ್ತಿದರು.

"ನೋಡ್ರಿ ಕಾಕಾ, ಇಲ್ಲೇ ಚಾಲೂ ಐತಿ. ಸುಟ್ಟೈತೇನ್ರಿ?"

"ಇದು ಅಥಣಿ ಕರೆಂಟ್."

"ಅಂದ್ರ?"

"ಪ್ಯಾಟಿ ಕರೆಂಟ್ ಬ್ಯಾರೆ, ನಮ್ಮ ಹೊಲದ ಲೈನ್ ಬ್ಯಾರೆ. ಏನ್ ಶೇಟ, ಬರೋಬರ್ ಹೌದಲ್ಲ?"

ಗಂಗಾರಾಮ ಶೇಟ ನನ್ನ ಕಡೆ ನೋಡಿದ, ಕಾಕಾನ ಕಡೆ ನೋಡಿದ. ಪಾಕೀಟು ಯಾರ ಕಿಸೆಯಲ್ಲಿದೆ ಅನ್ನುವುದು ಅವನಿಗೆ ತಿಳಿದಿತ್ತು. "ಹೋ ಸಾವಕಾರ್ರ, ಹಳ್ಯಾಗ ಲೈನ್ ಜರಾ ಏರುಪೇರು ಇರತೈತಿ," ಅಂದ. ನನಗೆ ಅವನ ಕೌಂಟರು ಎತ್ತಿ ಹೊರಗೆ ಒಗೆಯಬೇಕು ಅನ್ನಿಸಿತು.

ಕಾಕಾ ಇಷ್ಟಕ್ಕೆ ಬಿಡಲಿಲ್ಲ. ಊರಿನಲ್ಲಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ, ಅಂದರೆ ವೈಂಡಿಂಗ್ ಮಾಡುವ ಭೀಮಸಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಭೀಮಸಿ ಕಂಪ್ಯೂಟರನ್ನು ಮುಟ್ಟಿದವನಲ್ಲ.

"ಭೀಮಸಿ, ಐವತ್ತರ ಲೈನಿಗೆ ನೂರಾ ನಲವತ್ನಾಲ್ಕರದ ಹಚ್ಚಿದ್ರ?"

"ಯಪ್ಪಾ! ಯಾರ್ ಹಚ್ಚಾಕತ್ತಾರಿ?"

"ನಮ್ಮ ಈಶ್ಯಾ."

"ಬ್ಯಾಡ್ರಿ ಸಾವಕಾರ್ರ, ವೈಂಡಿಂಗ್ ಕರ್ರಗ ಆಗಿ ಬರತೈತಿ."

"ಅದರಾಗ ವೈಂಡಿಂಗ್ ಇಲ್ಲೋ ಭೀಮಸಿ ಅಣ್ಣಾ!" ಅಂತ ನಾನು ಕೂಗಿದೆ.

"ವೈಂಡಿಂಗ್ ಇಲ್ಲಾ?" ಅಂದ ಭೀಮಸಿ. "ಮತ್ತ ಅದನ್ನ ಯಾಕ ತಗೋತೀರಿ?"

ಕಾಕಾ ಫೋನು ಇಟ್ಟು ಗೆದ್ದವರ ಹಾಗೆ ಕಿಸೆಗೆ ಹಾಕಿಕೊಂಡರು. ಆಮೇಲೆ ಗೋಡೆಗೆ ಒರಗಿಸಿದ್ದ ಮೂವತ್ತೆರಡು ಇಂಚಿನ ಒಂದನ್ನು ತೋರಿಸಿದರು. ದೊಡ್ಡದು, ಭಾರವಾದದ್ದು, ಆಫೀಸಿನವರಿಗೆ ಮಾಡಿದ್ದು. ಪೆಟ್ಟಿಗೆಯ ಮೇಲೆ ಅರವತ್ತು ಎಂದಿತ್ತು.

"ಇದ ಚಲೋ ಐತಿ. ಶಿವಗಂಗವ್ವನೂ ಸಂಜಿಮುಂದ ಧಾರಾವಾಹಿ ನೋಡತಾಳ." ಶಿವಗಂಗವ್ವ ನನ್ನ ಅಜ್ಜಿ.

"ಕಾಕಾ, ಅದು ಅರವತ್ತು ಐತಿ. ನಿಮ್ಮ ಲೆಕ್ಕಾದಾಗ ಅದೂ ಸುಡಬೇಕಲ್ಲ?"

"ಹತ್ತು ಹೆಚ್ಚೂ ಕಡಿಮಿ ನಡಿತೈತಿ."

"ನನಗ ಅದು ಬ್ಯಾಡ. ಅದನ್ನ ತಗೊಂಡ್ರ ರವಿವಾರ ನನ್ನ ಯಾರೂ ತಗೋಳಾಂಗಿಲ್ಲ."

"ಒಂಬತ್ತನೇ ಇಯತ್ತೆಗೇ ಸಾಲಿ ಬಿಟ್ಟಾವ," ಕಾಕಾ ಶೇಟನ ಕಡೆ ತಿರುಗಿ ನಕ್ಕರು, "ನಮಗ ಹರ್ಟ್ಸ್ ಕಲಿಸಾಕತ್ತಾನ ನೋಡ್ರಿ."

ಅಷ್ಟೇ. ಮುಂದಿನದು ನಾನು ಯೋಚಿಸಿ ಆಡಿದ ಮಾತಲ್ಲ.

"ಬಿಟ್ಟಾವ ಅಲ್ಲರಿ, ಬಿಡಿಸಿದ್ದು! ದ್ರಾಕ್ಷಿಗೆ ಔಷಧ ಹೊಡ್ಯಾಕ ಆಳು ಸಿಗವಲ್ದು, ಇದೊಂದ ವರ್ಷ ಬಿಡು, ಮುಂದಿನ ವರ್ಷ ಹೋಗೀಯಂತ ಅಂದವರು ಯಾರು? ನೀವ ಅಲ್ಲೇನ್ರಿ? ಎಂಟು ವರ್ಷ ಆತು. ಆ ಮುಂದಿನ ವರ್ಷ ಯಾವಾಗ ಬರತೈತ್ರಿ ಕಾಕಾ? ನಿಮ್ಮ ಮಗ ರೋಹನ ಕಾಲೇಜಿಗೆ ಹೋದ, ಮಗಳು ಮನೀಷಾ ಹೋದಳು. ನಾ ಬಳ್ಳಿ ಬುಡಕ್ಕ ನಿಂತೇನಿ. ನಿಂದರಸ್ರಿ, ನಾ ಏನೂ ಅನ್ನಾಂಗಿಲ್ಲ. ಆದ್ರ ನಿಂದರಿಸಿದವರು ನೀವ, ಬಿಟ್ಟಾವ ಅನಬ್ಯಾಡ್ರಿ!"

ಗಂಗಾರಾಮ ಶೇಟ ಒಂದು ಬಟ್ಟೆ ತೆಗೆದುಕೊಂಡು ಸ್ವಚ್ಛವಾಗಿಯೇ ಇದ್ದ ಪರದೆಯನ್ನು ಒರೆಸತೊಡಗಿದ. ಬಾಗಿಲಲ್ಲಿ ಯಾರೋ ಗಿರಾಕಿ ಬಂದವನು ಹಾಗೇ ಹಿಂದೆ ಸರಿದ. ಕಾಕಾನ ಮುಖದಲ್ಲಿ ನಗು ಇನ್ನೂ ಇತ್ತು, ಆದರೆ ಅದನ್ನು ಎಲ್ಲಿ ಇಡಬೇಕೆಂದು ಅವರಿಗೆ ತಿಳಿಯಲಿಲ್ಲ. ತಲೆಯ ಮೇಲಿನ ಟೊಪ್ಪಿಗೆ ತೆಗೆದರು, ಮತ್ತೆ ಹಾಕಿಕೊಂಡರು.

"ಶೇಟ," ಅಂದರು ಕೊನೆಗೆ, "ಅವ ಹೇಳಿದ್ದ ಕಟ್ರಿ. ಸುಟ್ಟರ ಸುಡವಲ್ದ್ಯಾಕ."

ನನಗೆ ಬೇಕಾದ ಮಾನಿಟರು ಸಿಕ್ಕಿತು. ಶೇಟ ಅದನ್ನು ಪೆಟ್ಟಿಗೆಗೆ ಇಳಿಸುತ್ತಿದ್ದ. ನಾನು ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನನ್ನ ಸಿಟ್ಟು ಇಳಿಯುವ ಬದಲು ಇನ್ನೂ ಏರಿತು. ಸುಟ್ಟರ ಸುಡಲಿ ಅಂದರೆ ಏನು? ನನ್ನ ಮೇಲೆ ಕನಿಕರ ಬಂತು, ನಂಬಿಕೆ ಬರಲಿಲ್ಲ. ನಾಳೆ ಇಡೀ ಮಂಗಸೂಳಿಗೆ ಹೇಳುತ್ತಾರೆ: ಹುಡುಗ ಅತ್ತು ಕರೆದು ಮಾಡಿದ, ಸುಡೋ ಸಾಮಾನ ಕೊಡಿಸಿ ಬಂದೆ.

"ಸುಡಾಂಗಿಲ್ಲ ಅಂತ ಹೇಳಾಕತ್ತೇನಿ."

"ಆತಪ್ಪಾ, ಸುಟ್ಟರೂ ನಾ ಏನೂ ಅನ್ನಾಂಗಿಲ್ಲ."

"ಹಂಗಿದ್ರ ನನಗ ಬ್ಯಾಡ."

ಶೇಟನ ಕೈ ನಿಂತಿತು. "ಏ ಈಶ್ವರ, ಆತಲ್ಲೋ ಮಾರಾಯ, ತಗೋ ಇನ್ನ!"

ನಾನು ಪೆಟ್ಟಿಗೆಯೊಳಗೆ ಕೈ ಹಾಕಿ ವೈರು ಹಿಡಿದು ಎಳೆದೆ. ಅದರ ನಡುವೆ ಇಟ್ಟಂಗಿಯ ಆಕಾರದ ಕರಿಯ ಅಡಾಪ್ಟರ್ ಇತ್ತು. ಕಾಕಾನ ಕೈಯಲ್ಲಿ ಇಟ್ಟೆ. ಅಭ್ಯಾಸಬಲದಿಂದ ಅವರು ಅದರ ತೂಕ ನೋಡಿದರು.

"ತೂಕ ಅಲ್ರಿ. ಹೊಳ್ಳಿಸಿ ಓದ್ರಿ. ಗ್ವಾಡಿ ಪ್ಲಗ್ಗಿನ ಕರೆಂಟ್ ಹೋಗೂದು ಇದರಾಗ. ಮಾನಿಟರಿಗೆ ಅಲ್ಲ. ಮೋಟಾರಿಗೆ ಇದ್ದಂಗ ಇದಕ್ಕೂ ಬರದಾರ. ಓದ್ರಿ."

ಕಾಕಾ ಚಾಳೀಸು ಹಾಕಿಕೊಂಡು, ಅಡಾಪ್ಟರನ್ನು ಬಾಗಿಲ ಬೆಳಕಿಗೆ ಹಿಡಿದರು. ಅಕ್ಷರ ಇರುವೆಯಷ್ಟು ಸಣ್ಣವು. ತುಟಿ ಆಡಿಸುತ್ತ ಬಹಳ ಹೊತ್ತು ಓದಿದರು.

"ನೂರು... ಎರಡನೂರಾ ನಲವತ್ತು. ಇದು ವೋಲ್ಟು."

"ಮುಂದ?"

"ಐವತ್ತು. ಗೀಟು. ಅರವತ್ತು." ಬೆರಳಿನಿಂದ ಒರೆಸಿ ಮತ್ತೆ ಓದಿದರು. "ಐವತ್ತು ಐತಿ."

ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ಕಾಕಾ ಅಡಾಪ್ಟರ್ ಹಿಡಿದುಕೊಂಡೇ ಸ್ಟೂಲು ಎಳೆದು ಕುಳಿತರು. ಒಮ್ಮೆ ಅದನ್ನು, ಒಮ್ಮೆ ಪೆಟ್ಟಿಗೆಯ ಮೇಲಿನ ಅಂಕಿಯನ್ನು ನೋಡಿದರು.

"ಮತ್ತ ಆ ನೂರಾ ನಲವತ್ನಾಲ್ಕು ಎಲ್ಲಿಂದ ಬಂತು?"

"ಆಗಿಂದ ಅದನ್ನ ಹೇಳಾಕತ್ತೇನಲ್ರಿ!"

"ಈಗ ಹೇಳು," ಅಂದರು. "ಸಾವಕಾಶ ಹೇಳು."

ಶೇಟ ಪೆಟ್ಟಿಗೆಯನ್ನು ಮತ್ತೆ ಕಟ್ಟತೊಡಗಿದ, ನಾನು ಇನ್ನೊಂದು ಸ್ಟೂಲು ಎಳೆದುಕೊಂಡೆ. ಸೆಕೆಂಡಿಗೆ ಚಿತ್ರ ಎಷ್ಟು ಸಲ ಬದಲಾಗುತ್ತದೆ ಅನ್ನುವಲ್ಲಿಂದ ಶುರು ಮಾಡಿದೆ. ಎರಡನೆಯ ಮಾತಿಗೇ ಕಾಕಾ ನಡುವೆ ಬಾಯಿ ಹಾಕಿದರು.