ಲೋಕಯ್ಯನ ಸುಣ್ಣದ ಗೆರೆ

"ಇದಕ್ಕೆ ಎಂತ ಆಯಿತು?"

ಲೋಕಯ್ಯ ಕೇಳಿದ್ದು ಯಾರನ್ನೂ ಅಲ್ಲ. ಕೈಯಲ್ಲಿದ್ದ ಹಂಚನ್ನು ಬಲಗಿವಿಯ ಹತ್ತಿರ ಹಿಡಿದು ಬೆರಳ ಗಂಟಿನಿಂದ ಮತ್ತೊಮ್ಮೆ ಬಡಿದ. ಚೆನ್ನಾಗಿ ಬೆಂದ ಹಂಚು ದೇವಸ್ಥಾನದ ಗಂಟೆಯ ಹಾಗೆ ದನಿಗೊಡಬೇಕು. ಇದು ನೆಗಡಿಯಾದವರ ಹಾಗೆ ಗೊರಗುಟ್ಟಿತು. ಮುಂದಿನದೂ ಹಾಗೆಯೇ. ಅದರ ಮುಂದಿನದೂ.

ಕುದ್ರೋಳಿಯ ಆ ಹಂಚಿನ ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ಅವನದು ಅದೇ ಕೆಲಸ: ಬಡಿದು ಕೇಳುವುದು, ಒಳ್ಳೆಯ ಹಂಚಿನ ಅಟ್ಟಿಗೆ ಸುಣ್ಣದ ಗೆರೆ ಎಳೆಯುವುದು. ಎಡಗಿವಿ ಹುಟ್ಟಿನಿಂದಲೇ ಕೇಳುತ್ತಿರಲಿಲ್ಲ. ಅಜ್ಜ ಪುರಾಣ ಓದುವಾಗ ಬಲಗಿವಿ ಅತ್ತ ಮಾಡಿ ಕೂತು ಬೆಳೆದವನು. ಪದ್ಯದಲ್ಲಿ ಒಂದು ಮಾತ್ರೆ ತಪ್ಪಿದರೂ ತಲೆಯೆತ್ತುತ್ತಿದ್ದ.

ಕಾರ್ಖಾನೆಯ ಧನಿ ಬಾಸಿಲ್ ಪೊರ್ಬುಗಳಿಗೆ ಆ ಎಡಗಿವಿಯೇ ತಮಾಷೆ. ಆ ಬದಿಗೆ ಬಂದು ಮೆಲ್ಲಗೆ ಕರೆಯುವರು. ಇವನು ತಿರುಗದಿದ್ದರೆ, "ನೋಡಿ, ನಮ್ಮ ಅರೆಗಿವಿ ಮಹಾರಾಜರು" ಎನ್ನುವರು. ಎಲ್ಲರೂ ನಗುವರು. ನಗದವನು ನಾಳಿನ ತಮಾಷೆ.

ಲೋಕಯ್ಯ ಹಂಚು ಸುಡುವ ಗೂಡಿನ ನೋಣಯ್ಯನ ಹತ್ತಿರ ಹೋದ. "ಗೂಡು ಯಾವಾಗ ತೆರೆದದ್ದು ಮಾರಾಯ?"

"ಒಂದು ದಿನ ಮೊದಲೇ. ಧನಿಗಳು ತೆರೆ ಅಂದ್ರು. ಒಳಗೆ ಬಿಸಿ ಆರಿರಲಿಲ್ಲ."

"ನೀನು ಹೇಳ್ಲಿಲ್ವಾ?"

ನೋಣಯ್ಯ ಬೂದಿ ಕೆರೆಯುತ್ತಾ ಹೇಳಿದ: "ಹೋದ ಸಲ ಹೇಳಿದ್ದೆ. 'ಗೂಡಿಗೂ ನಲವತ್ತು ದಿನದ ಬಾಣಂತನ ಬೇಕಾ ಸೂಲಗಿತ್ತಿ?' ಅಂತ ಕೇಳಿದ್ರು. ಒಂದು ತಿಂಗಳು ಎಲ್ಲರೂ ನನ್ನನ್ನು ಸೂಲಗಿತ್ತಿ ಅಂತಲೇ ಕರೆದದ್ದು. ಈ ಸಲ ಬಾಯಿ ಮುಚ್ಚಿ ಗೂಡು ತೆರೆದೆ."

ಹೊಳೆಯಲ್ಲಿ ಹಂಚು ಕೊಳ್ಳುವ ವ್ಯಾಪಾರಿ ನೂರ್ ಮುಹಮ್ಮದರ ಹಾಯಿಹಡಗು ಸರಕಿಗೆ ಕಾದಿತ್ತು. ಗೆರೆಯಿಲ್ಲದ ಅಟ್ಟಿಯನ್ನು ಅವರು ಹತ್ತಿಸುವವರಲ್ಲ. ಲೋಕಯ್ಯನ ಗೆರೆ ಕಂಡರೆ ಒಂದು ಹಂಚನ್ನೂ ಬಡಿದು ನೋಡದೆ ಹತ್ತಿಸುವರು.

ಧನಿ ಬಂದರು, ಎಡಬದಿಯಿಂದಲೇ. ನೆಲದ ಮೇಲಿನ ನೆರಳು ಕಂಡು ಲೋಕಯ್ಯ ಮೊದಲೇ ತಿರುಗಿ ನಿಂತ.

"ಎಲ್ಲ ಸೀಳು ಬಿಟ್ಟಿದೆ ಪೊರ್ಬುಗಳೇ. ಗೂಡು ಬೇಗ ತೆರೆದದ್ದು."

"ಅರೆಗಿವಿಗೆ ಸೀಳು ಬೇರೆ ಕೇಳ್ತದಾ?" ಎಂದು ಅವರು ನಗುವಿಗಾಗಿ ಸುತ್ತ ನೋಡಿದರು.

ನೋಣಯ್ಯ ಸಲಿಕೆ ಕೆಳಗಿಟ್ಟ. "ಅವನಿಗೆ ಕೇಳ್ತದೆ. ಸೀಳು ಬಿಡ್ತದೆ ಅಂತ ನನಗೂ ಗೊತ್ತಿತ್ತು. ನೀವು ನಗಾಡ್ತೀರಿ ಅಂತ ಹೇಳ್ಲಿಲ್ಲ."

ಯಾರೂ ನಗಲಿಲ್ಲ. ಹಂಚು ಹೊರುವ ಹೆಂಗಸರು ಹೊರೆಯೊಂದಿಗೇ ನಿಂತರು.

ಧನಿ ಎರಡು ಹೆಜ್ಜೆ ಸುತ್ತಿ ಬಂದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಬಲಗಿವಿಯ ಬದಿಗೆ ಬಂದು, ದನಿ ತಗ್ಗಿಸಿ, "ಲೋಕಯ್ಯ, ಹಡಗು ಕಾಯ್ತಾ ಉಂಟು. ಈ ಒಂದು ಸಲ ಗೆರೆ ಎಳೆದುಬಿಡು" ಎಂದರು.

ಮಾತು ಪೂರ್ತಿ ಕೇಳಿಸಿತು. ಲೋಕಯ್ಯ ಸುಣ್ಣದ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದ.

"ಎಳೆಯುವುದಿಲ್ಲ, ಪೊರ್ಬುಗಳೇ."