ಒಂದೇ ಸೊನ್ನೆ, ಖಾಲಿ ಬೆನ್ನು

ನಮ್ಮ ಕೋಸ್ಕಿ ಹೋಬಳಿಯಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಆಂಬುಲೆನ್ಸ್ ಇರಲಿಲ್ಲ. ಯಾರಾದರೂ ಎದೆ ಹಿಡಿದುಕೊಂಡು ಕುಸಿದರೆ ಮೂವತ್ತೆಂಟು ಮೈಲಿ ಆಚೆಯ ಪಟ್ಟಣದಿಂದ ಗಾಡಿ ಬರಬೇಕಿತ್ತು. ಮಿಶಿಗನ್ನಿನ ಈ ಉತ್ತರ ತುದಿಯಲ್ಲಿ, ಫೆಬ್ರವರಿ ಹಿಮದಲ್ಲಿ, ಮೂವತ್ತೆಂಟು ಮೈಲಿ.

ನನ್ನ ಅಕ್ಕ ಹೆಲ್ಮಿ ಅಡುಗೆಮನೆಯ ನೆಲದ ಮೇಲೆ ಐವತ್ತೈದು ನಿಮಿಷ ಬಿದ್ದಿದ್ದಳು. ಪಾರ್ಶ್ವವಾಯು ಬಡಿದಿತ್ತು. ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಬೇಗ ಕರೆತಂದಿದ್ದರೆ ಎರಡೂ ಉಳಿಯುತ್ತಿದ್ದವೇನೋ ಎಂದರು ಡಾಕ್ಟರು. ಆ 'ಏನೋ' ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಆದ್ದರಿಂದ ಈ ಕಥೆಯನ್ನು ಸಿಟ್ಟಿನಲ್ಲೇ ಹೇಳುತ್ತೇನೆ, ಕ್ಷಮಿಸಬೇಕಾಗಿಲ್ಲ.

ಚುನಾವಣೆಗೆ ಮುಂಚಿನ ಅಕ್ಟೋಬರ್ ತಿಂಗಳ ಒಂದು ಶನಿವಾರ. ಸೌನಾದ ಬಿಸಿಹಬೆ ಸ್ನಾನ ಮುಗಿಸಿ ಅಕ್ಕನ ಮನೆಯಲ್ಲಿ ಕಾಫಿಗೆ ಕೂತಿದ್ದೆವು. ನಾನು ಏಲಕ್ಕಿ ರೊಟ್ಟಿಯನ್ನು ಸಣ್ಣಗೆ ಮುರಿದು ಅಕ್ಕನ ಎಡಗೈಗೆ ಕೊಡುತ್ತಿದ್ದೆ. ಭಾವ ರೇನೋ ಟಿವಿ ಮುಂದೆ. ಟಿವಿಯಲ್ಲಿ ನಮ್ಮ ರಾಜ್ಯದ ನಕ್ಷೆ. ಒಬ್ಬ ಕೋಟುಧಾರಿ ಒಂದೊಂದೇ ಜಿಲ್ಲೆ ಮುಟ್ಟಿ, ಇದು ನೀಲಿ ಇದ್ದದ್ದು ಕೆಂಪಾಯಿತು, ಇದು ಕೆಂಪು ಇದ್ದದ್ದು ತಿಳಿಯಾಯಿತು ಎಂದು ಬಣ್ಣ ಬಳಿಯುತ್ತಿದ್ದ. ನಮ್ಮಲ್ಲಿ ಎರಡು ದೊಡ್ಡ ಪಕ್ಷಗಳಿಗೆ ಈ ಎರಡು ಬಣ್ಣ.

"ನೋಡೇ ಐಲಿ, ನೋಡು! ಈ ಸಲ ಗವರ್ನರ್ ಕುರ್ಚಿ ನಮ್ದೇ. ನೀಲಿಯೋರ ಗಂಟುಮೂಟೆ ಕಟ್ಟಿಸ್ತೀವಿ," ಎಂದ ರೇನೋ.

"ನಿಮ್ಮಪ್ಪ ಕೇಳಿಸ್ಕೊಂಡ್ರೆ ಗೋರಿಯಿಂದ ಎದ್ದು ಬರ್ತಾನೆ," ಎಂದೆ.

ಅವನ ಅಪ್ಪ ಕಬ್ಬಿಣದ ಗಣಿಯ ಕಾರ್ಮಿಕ ಸಂಘದವನು. ಬದುಕಿರುವತನಕ ನೀಲಿ. ರೇನೋ ಹನ್ನೆರಡು ವರ್ಷದ ಹಿಂದೆ ಕೆಂಪಾದ. ಅವನೊಬ್ಬನೇ ಅಲ್ಲ, ಅರ್ಧ ಹೋಬಳಿ ಆದದ್ದು ಹಾಗೆಯೇ. ಅದನ್ನು ಕೇಳಲೆಂದು ದಕ್ಷಿಣದ ಪಟ್ಟಣಗಳಿಂದ ದೊಡ್ಡ ಸೇತುವೆ ದಾಟಿ ಟಿವಿಯವರು ಬಂದಿದ್ದರು. ನಮ್ಮ ಹೋಟೆಲಿನಲ್ಲಿ ಮಾಂಸ ತುಂಬಿದ ಪಾಸ್ಟಿ ಕಡುಬು ತಿಂದು, ಯಾಕೆ ಬದಲಾದಿರಿ ಎಂದು ಎಲ್ಲರ ಬಾಯಿಗೂ ಮೈಕು ಹಿಡಿದರು. ಆಂಬುಲೆನ್ಸ್ ಎಲ್ಲಿ ಎಂದು ಒಬ್ಬನೂ ಕೇಳಲಿಲ್ಲ.

"ಅಪ್ಪನ ಕಾಲ ಬೇರೆ," ಎಂದ ರೇನೋ. "ಈ ನೀಲಿಯೋರೇ ಅಲ್ವಾ ನಮ್ಮ ಆಂಬುಲೆನ್ಸ್ ಕಿತ್ಕೊಂಡಿದ್ದು? ರಾಜಧಾನೀಲಿ ಕೂತ್ಕೊಂಡು ನಮ್ಮ ಹೊಟ್ಟೆ ಮೇಲೆ ಹೊಡೀತಾರೆ. ಹೆಲ್ಮಿ ಹೀಗಾಗಿದ್ದು ಅವರಿಂದ್ಲೇ."

ನಾನು ಕಾಫಿ ಲೋಟ ಕುಕ್ಕಿದೆ.

"ರಾಜಧಾನಿಯೋರಿಗೆ ನಮ್ಮ ಆಂಬುಲೆನ್ಸ್ ಇತ್ತು ಅನ್ನೋದೇ ಗೊತ್ತಿಲ್ಲ ಕಣೋ. ಅದನ್ನ ಮುಚ್ಚಿದ್ದು ನಾವು. ಹೋದ ಚುನಾವಣೇಲಿ ಮತಪತ್ರದಲ್ಲಿ ಕೇಳಿದ್ರು, ಆಂಬುಲೆನ್ಸ್ ತೆರಿಗೆ ಮುಂದುವರಿಸ್ಬೇಕಾ ಬೇಡ್ವಾ ಅಂತ. ಒಂಬತ್ತು ಓಟಿಂದ ಬಿದ್ದು ಹೋಯ್ತು."

"ಸುಳ್ಳು. ಮತಪತ್ರದಲ್ಲಿ ಅಂಥದ್ದೇನೂ ಇರ್ಲಿಲ್ಲ. ನಾನೇ ಹಾಕಿದ್ನಲ್ಲ."

"ಹೇಗೆ ಹಾಕ್ದೆ? ಹೇಳು."

"ಹೇಗೆ ಅಂದ್ರೆ? ಎಲ್ಲರ ಹಾಗೆ. ಮೇಲ್ಗಡೆ ಪಕ್ಷದ ಹೆಸರು ಇರುತ್ತಲ್ಲ, ಅದರ ಪಕ್ಕದ ಖಾಲಿ ಸೊನ್ನೇನ ಪೆನ್ನಲ್ಲಿ ತುಂಬ್ದೆ. ಒಂದ್ ಸೊನ್ನೆ ತುಂಬಿದ್ರೆ ಆಯ್ತಲ್ಲ, ಎಲ್ಲಾ ಅದೇ ತುಂಬ್ಕೊಳುತ್ತೆ. ಅಪ್ಪನೂ ಹಾಗೇ ಮಾಡ್ತಿದ್ದ. ಒಂದ್ ಸೊನ್ನೆ, ಮನೆಗೆ."

ಅಪ್ಪ ನೀಲಿ ಸೊನ್ನೆ ತುಂಬಿ ಮನೆಗೆ ಬರುತ್ತಿದ್ದ. ಮಗ ಕೆಂಪು ಸೊನ್ನೆ ತುಂಬಿ ಮನೆಗೆ ಬಂದ. ಪಕ್ಷ ಬದಲಾದರೂ ಚಾಳಿ ಬದಲಾಗಲಿಲ್ಲ.

"ಬೆನ್ನು ನೋಡಿದ್ಯಾ?" ಎಂದೆ.

"ಯಾರ ಬೆನ್ನು?"

"ಮತಪತ್ರದ ಬೆನ್ನು, ರೇನೋ! ಹಿಂಬದಿ! ಆ ಒಂದು ಸೊನ್ನೆ ಪಕ್ಷದ ಹೆಸರಲ್ಲಿ ನಿಂತೋರಿಗೆ ಮಾತ್ರ ಸಲ್ಲುತ್ತೆ. ಜಡ್ಜ್‌ಗೆ ಪಕ್ಷ ಇಲ್ಲ. ಶಾಲೆ ಮಂಡಳಿಗೆ ಇಲ್ಲ. ಆಂಬುಲೆನ್ಸ್‌ಗೂ ಇಲ್ಲ. ಅವೆಲ್ಲ ಹಿಂದೆ ಇರುತ್ವೆ. ನೀನೇ ಕಾಗದ ಮಗುಚ್ಬೇಕು, ನೀನೇ ಒಂದೊಂದೂ ತುಂಬ್ಬೇಕು."

"ಖಾಲಿ ಬಿಟ್ರೆ ಓಟೆಣಿಸೋ ಯಂತ್ರ ವಾಪಸ್ ಉಗುಳಲ್ವಾ?"

"ಯಾಕೆ ಉಗುಳುತ್ತೆ? ಖಾಲಿ ಬಿಡೋದು ನಿನ್ನ ಇಷ್ಟ ಅಂದ್ಕೊಂಡು ನುಂಗ್ಕೊಳುತ್ತೆ."

ನಾನು ಮತಗಟ್ಟೆಯಲ್ಲಿ ಕೆಲಸ ಮಾಡುವವಳು. ಎಣಿಕೆಯ ಪಟ್ಟಿ ನನಗೆ ಬಾಯಿಪಾಠ. ಅವತ್ತು ಮತ ಹಾಕಿದವರು ಆರುನೂರ ಹನ್ನೊಂದು. ಆಂಬುಲೆನ್ಸ್ ಬೇಕು ಎಂದವರು ಇನ್ನೂರ ಇಪ್ಪತ್ತೊಂಬತ್ತು, ಬೇಡ ಎಂದವರು ಇನ್ನೂರ ಮೂವತ್ತೆಂಟು. ಉಳಿದ ನೂರ ನಲವತ್ತನಾಲ್ಕು ಜನ ಅದನ್ನು ತುಂಬಲೇ ಇಲ್ಲ.

ಇದನ್ನು ಹೇಳಿದೆ. ರೇನೋ ಟಿವಿ ಆರಿಸಿದ.

"ಆ ನೂರ ನಲವತ್ತನಾಲ್ಕರಲ್ಲಿ..." ಎಂದು ಶುರು ಮಾಡಿ ನಿಲ್ಲಿಸಿದ.

"ಹೂಂ. ನೀನೂ ಒಬ್ಬ."

ಹೆಲ್ಮಿ ಅವನನ್ನೇ ನೋಡುತ್ತಿದ್ದಳು. ಅವಳಿಗೆ ಮಾತಷ್ಟೇ ಹೋಗಿದೆ, ಬುದ್ಧಿ ಹೋಗಿಲ್ಲ. ಪ್ರತಿಯೊಂದೂ ಅರ್ಥವಾಗುತ್ತದೆ. ಅವಳು ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವಳು ಅಳಲಿಲ್ಲ.

"ಯಾರೂ ಹೇಳ್ಲಿಲ್ವಲ್ಲ ಐಲಿ," ಎಂದ ರೇನೋ. ದನಿ ಅಡಗಿತ್ತು. "ಅವತ್ತು ನೀನೂ ಅಲ್ಲೇ ಕೂತಿದ್ಯಲ್ಲ. ನೀನೇ ಅಲ್ವಾ ನನ್ನ ಅಂಗಿಗೆ 'ಮತ ಹಾಕಿದೆ' ಅನ್ನೋ ಚೀಟಿ ಅಂಟ್ಸಿದ್ದು?"

ಅವನು ಹೇಳಿದ್ದು ನಿಜ. ಅವತ್ತು ಸಾಲು ಬಾಗಿಲಾಚೆಗೂ ಇತ್ತು. ಕೈಗೆ ಕಾಗದ ಕೊಡುವಾಗ 'ಹಿಂದೆಯೂ ಇದೆ' ಎಂದು ಎರಡು ಮಾತು ಹೇಳಬೇಕಿತ್ತು. ಮೊದಲ ಐವತ್ತು ಜನರಿಗೆ ಹೇಳಿದೆ. ಆಮೇಲೆ ಬಾಯಿ ನೋವು, ಎಲ್ಲರಿಗೂ ಗೊತ್ತಿರುತ್ತದೆ ಬಿಡು ಎಂದುಕೊಂಡೆ. ಒಂದು ನಿಮಿಷವೂ ಆಗುವ ಮೊದಲೇ ಎದ್ದು ಬಂದ ಭಾವನಿಗೆ ನಗುನಗುತ್ತ ಚೀಟಿ ಅಂಟಿಸಿದೆ. ನನ್ನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

"ತಪ್ಪಾಯ್ತು," ಎಂದೆ. "ಈ ಸಲ ಆ ಪ್ರಶ್ನೆ ಮತ್ತೆ ಬಂದಿದೆ. ಬೇಕು ಅಂತ ಹಾಕು, ಬೇಡ ಅಂತ್ಲಾದ್ರೂ ಹಾಕು. ಆದ್ರೆ ಖಾಲಿ ಬಿಟ್ಟು ಬಂದು ಟಿವಿ ಮುಂದೆ ಕೂತು ಯಾರನ್ನೋ ಬೈಬೇಡ."

ನವೆಂಬರ್ ಬಂತು. ಮತದಾನದ ದಿನ ರೇನೋ ಹೆಲ್ಮಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಬಳಿ ಕಚೇರಿಗೆ ಬಂದ. ಕೆಲಸದ ಮೇಲಿದ್ದ ನಾನು ಬೇಕು-ಬೇಡಗಳ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಕಾಗದ ಕೊಟ್ಟು, ಎಲ್ಲರಿಗೂ ಹೇಳಿದ್ದನ್ನೇ ಹೇಳಿದೆ: "ಎರಡು ಮುಖ ಇವೆ. ಮಗುಚಿ ನೋಡಿ."

"ಗೊತ್ತು," ಎಂದ ರೇನೋ, ನನ್ನ ಮುಖ ನೋಡದೆ.

ಅವನು ಹಿಂಬದಿಯಿಂದಲೇ ಶುರು ಮಾಡಿದ. ತನ್ನದು ಮುಗಿಸಿ, ಕೈಲಾಗದವರಿಗೆ ನೆರವಾಗಬಹುದೆಂಬ ನಿಯಮದಂತೆ ಹೆಲ್ಮಿಯ ಪಕ್ಕ ಬಗ್ಗಿ ಒಂದೊಂದೇ ಪ್ರಶ್ನೆಯನ್ನು ಪಿಸುದನಿಯಲ್ಲಿ ಓದಿದ. ಅವಳು ಪೆನ್ನನ್ನು ಎಡಮುಷ್ಟಿಯಲ್ಲಿ ಹಿಡಿದು ಸೊನ್ನೆ ತುಂಬಿದಳು. ಒಂದು ಸೊನ್ನೆಗೆ ಎಷ್ಟು ಹೊತ್ತು ಹಿಡಿಯಿತೆಂದರೆ ಸಾಲಿನಲ್ಲಿ ಹಿಂದೆ ಕಾಯುತ್ತಿದ್ದವನು ಕೆಮ್ಮಿದ. ರೇನೋ ತಿರುಗಿ ನೋಡಿದ ನೋಟಕ್ಕೆ ಕೆಮ್ಮು ತಾನಾಗಿ ವಾಸಿಯಾಯಿತು.

ಆಮೇಲೆ ಮುಂಬದಿ. ರೇನೋ ಮೇಲಿನ ಕೆಂಪು ಸೊನ್ನೆಯ ಮೇಲೆ ಬೆರಳಿಟ್ಟು ತೋರಿಸಲು ಹೋದ. ಹೆಲ್ಮಿ ಅವನ ಬೆರಳನ್ನು ತಳ್ಳಿ, ಬರೆಯುವ ಕೈಯ ಮೊಣಕೈಯನ್ನೇ ಅಡ್ಡ ಇಟ್ಟುಕೊಂಡು ತನಗೆ ಬೇಕಾದದ್ದನ್ನು ತುಂಬಿದಳು. ಅದು ಯಾವ ಬಣ್ಣ ಎಂದು ರೇನೋಗೆ ಇವತ್ತಿಗೂ ಗೊತ್ತಿಲ್ಲ.

ಆಂಬುಲೆನ್ಸ್ ತೆರಿಗೆ ಎಪ್ಪತ್ತಾರು ಮತದಿಂದ ಗೆದ್ದಿತು. ಖಾಲಿ ಬಿಟ್ಟವರು ಹದಿನೇಳೇ ಜನ. ಜನವರಿಯಲ್ಲಿ ಗಾಡಿ ಬಂದು ನಿಂತಿತು, ಅಕ್ಕನ ಮನೆಯಿಂದ ನಾಲ್ಕು ನಿಮಿಷದ ದಾರಿ. ಹೆಲ್ಮಿಯ ಮಾತು ಮಾತ್ರ ಮರಳಲಿಲ್ಲ. ಅದನ್ನು ಯಾವ ಚುನಾವಣೆಯೂ ತಂದುಕೊಡುವುದಿಲ್ಲ.

ಓದುತ್ತಿರುವ ನೀವು ಯಾವ ಬಣ್ಣದವರೋ ನನಗೆ ಬೇಡ. ಗವರ್ನರ್ ಯಾರಾಗುತ್ತಾರೆಂದು ಹೋಟೆಲಿನಲ್ಲಿ ಕೂತು ಮೇಜು ಗುದ್ದಿ, ಬೇಡ ಎನ್ನುವುದಿಲ್ಲ. ಆದರೆ ಗವರ್ನರ್ ನಿಮ್ಮ ಅಡುಗೆಮನೆಯ ನೆಲದಿಂದ ನಿಮ್ಮವರನ್ನು ಎತ್ತಲು ಬರುವುದಿಲ್ಲ. ಎತ್ತಲು ಬರುವವರ ವಿಷಯ ಕಾಗದದ ಹಿಂಬದಿಯಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಮತ ಹಾಕುವ ದಿನ ಎದ್ದು ಬರುವ ಮೊದಲು ಕಾಗದ ಮಗುಚಿ. ಪಕ್ಕದವರಿಗೂ ಹೇಳಿ, ಬಾಯಿ ನೋಯುವತನಕ ಹೇಳಿ. ನಾನು ಐವತ್ತು ಜನಕ್ಕೆ ಹೇಳಿ ನಿಲ್ಲಿಸಿದ್ದೆ.